ನೋಡಿದ್ದು ನನ್ನನ್ನಲ್ಲ

ಕೊಪ್ಪ, ಅಡಿಕೆ ಒಣಗುವ ಕಾಲ

ಅಡಿಕೆ ತೋಟದೊಳಗೆ ನಿಂತವರ ಮುಖ ಫೋಟೊದಲ್ಲಿ ಹಸಿರಾಗುತ್ತದೆ. ಎದುರಿಗೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ, ನಮ್ಮ ಕಣ್ಣು ಅದನ್ನು ತಾನೇ ಸರಿ ಮಾಡಿಕೊಂಡುಬಿಡುತ್ತದೆ. ಕ್ಯಾಮೆರಾಕ್ಕೆ ಅಷ್ಟು ದಾಕ್ಷಿಣ್ಯವಿಲ್ಲ. ಸೋಗೆ ದಾಟಿ ಇಳಿದ ಬೆಳಕು ಕೆಳಗಿನ ಏಲಕ್ಕಿ, ಬಾಳೆ, ಮೆಣಸಿನ ಬಳ್ಳಿಗೆ ಬಡಿದು ಗಲ್ಲದ ಅಡಿಯಿಂದ ಮೇಲಕ್ಕೆ ಹತ್ತುತ್ತದೆ. ಬೆಂಗಳೂರಿನಿಂದ ಬಂದ ಮಕ್ಕಳಿಗೋ ತೋಟದ ನಡುವೆಯೇ ಫೋಟೊ ಆಗಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣವನ್ನು ಮೆಜೆಂಟಾ ಕಡೆಗೆ ಎಳೆದರೆ ಮುಖ ಸರಿಹೋಗುತ್ತದೆ, ತೋಟ ಕೆಡುತ್ತದೆ. ನನ್ನ ಉಪಾಯ ಬೇರೆ. ಮನೆಯವರ ಒಂದು ಬಿಳಿ ಪಂಚೆ ಕೇಳಿ ಇಸಿದುಕೊಂಡು, ಇಬ್ಬರಿಗೆ ಅದರ ತುದಿ ಹಿಡಿಸಿ, ತೋಟದ ಅಂಚಿನಲ್ಲಿ ಬಿಸಿಲು ಬೀಳುವ ಕಡೆ ನಿಲ್ಲಿಸುತ್ತೇನೆ. ಪಂಚೆಯಿಂದ ಚಿಮ್ಮಿದ ಬಿಳಿ ಬೆಳಕು ಮುಖಕ್ಕೆ ಸಾಕು. ಸಾವಿರಾರು ರೂಪಾಯಿಯ ರಿಫ್ಲೆಕ್ಟರ್ ಮಾಡುವುದೂ ಇದನ್ನೇ.

ನಾನು ಸುತ್ತುವ ಮೂರು ತಾಲ್ಲೂಕಿಗೆ ಮೂರು ಬೆಳಕು. ಶೃಂಗೇರಿಯಲ್ಲಿ ಸೂರ್ಯ ಗುಡ್ಡದ ಮರೆಯಿಂದ ತಡವಾಗಿ ಬರುತ್ತಾನೆ. ತುಂಗೆಯ ಮೇಲಿನ ಮಂಜು ಹರಿಯುವವರೆಗೆ ನೆರಳೇ ಬೀಳದ ಮೆದು ಬೆಳಕು. ಕೊಪ್ಪಕ್ಕೆ ತೋಟದ ಹಸಿರು. ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದ ಮೇಲೆ ಬಯಲೋ ಬಯಲು. ಬೆಳಗ್ಗೆ ಹತ್ತಕ್ಕೇ ಎಲ್ಲರ ಕಣ್ಣೂ ಕಿರಿದಾಗಿರುತ್ತದೆ. ಜೂನ್ ಬಂತೆಂದರೆ ಮೂರೂ ಕಡೆ ಕತ್ತಲೆ. ಆಗ ಪಾಸ್‌ಪೋರ್ಟ್ ಸೈಜ್ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಬಲ್ಬು ಉರಿಸಿದ ಪೆಟ್ಟಿಗೆಯೊಳಗಿಟ್ಟು ಕಾಯುವುದೇ ಕೆಲಸ.

ಬೆಳಕಿನ ಲೆಕ್ಕ ಹೇಗೋ ಕೈಗೆ ಹತ್ತಿದೆ. ಹತ್ತದಿರುವುದು ಇನ್ನೊಂದು. ನಾಯಿ, ಮಗು, ಜೋಡಿ, ಯಾರ ಫೋಟೊ ತೆಗೆದರೂ ಅವರ ಮುಖದ ಮೇಲೆ ಬಂದದ್ದು ನನಗಾಗಿ ಬಂದದ್ದಲ್ಲ. ನನ್ನ ಪಕ್ಕದಲ್ಲೋ ಬೆನ್ನ ಹಿಂದೆಯೋ ನಿಂತ ಇನ್ಯಾರಿಗೋ ಅವರು ಕೊಟ್ಟ ಉತ್ತರ ಅದು. ಆ ಇನ್ಯಾರೋ ಫೋಟೊದಲ್ಲಿ ಇರುವುದಿಲ್ಲ. ಈ ಪುಸ್ತಕದಲ್ಲಿ ಗೀಚಿಕೊಳ್ಳಲು ಶುರುಮಾಡಿದ್ದು ಅದಕ್ಕೇ.

ಹರಿಹರಪುರದ ಹತ್ತಿರ, ಒಂದು ಮನೆಯಂಗಳ

ಕಪ್ಪು ನಾಯಿ, ಹೆಸರು ಕರಿಯ. ಯಜಮಾನರು ಮೊದಲೇ ಹೇಳಿಟ್ಟರು: “ನನ್ನ ಮಾತು ಬಿಟ್ರೆ ಬೇರೆ ಯಾರ ಮಾತೂ ಕೇಳಲ್ಲ ಮಾರಾಯ್ರೆ ಅದು.” ಅವರನ್ನೇ ನನ್ನ ಬೆನ್ನ ಹಿಂದೆ ನಿಲ್ಲಿಸಿದೆ. “ಕರಿಯಾ, ನೋಡೋ ಇಲ್ಲಿ” ಅಂದರು. “ಕ್ರೂ ಕ್ರೂ” ಅಂದರು. ಚಿಟಿಕೆ ಹೊಡೆದರು. ಕರಿಯ ಒಮ್ಮೆ ಆಕಳಿಸಿ ಅಡುಗೆಮನೆಯ ಹಿತ್ತಿಲ ಬಾಗಿಲ ಕಡೆ ತಿರುಗಿ ಕೂತಿತು. ಅಲ್ಲಿಂದ ಅಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು ನೋಡಿ, ಎರಡೂ ಕಿವಿ ನೆಟ್ಟಗಾದವು.

“ಅಮ್ಮಾ, ಸ್ವಲ್ಪ ಇಲ್ಲಿ ಬಂದು ನಿಂತ್ಕೊಳ್ಳಿ.”

“ಅಯ್ಯೋ, ನಂಗೆ ಫೋಟೊ ಎಲ್ಲ ಬ್ಯಾಡ.”

“ನಿಮ್ಮದಲ್ಲ, ನಾಯಿದು. ನೀವು ಸುಮ್ನೆ ನಿಂತ್ರೆ ಸಾಕು.”

ನಿಂತರು. ಕರಿಯನ ಮುಖ ಆಗ ಬಂತು: ಹುಬ್ಬಿನ ಒಳತುದಿ ಮೇಲೆದ್ದು, ಬಾಯಿ ಅರೆ ತೆರೆದು, ಕಣ್ಣಿನಲ್ಲಿ ಅಂಗಳದ ಮೇಲಿನ ಆಕಾಶದ ಬಿಳಿ ಚುಕ್ಕೆ. ಪ್ರಿಂಟ್ ಕೈಗೆ ಕೊಟ್ಟಾಗ ಯಜಮಾನರಿಗೆ ಖುಷಿಯೋ ಖುಷಿ. “ನೋಡಿ, ನನ್ನನ್ನೇ ನೋಡ್ತಾ ಇದೆ!” ಅಮ್ಮನವರು ಏನೂ ಹೇಳದೆ ಕಾಫಿ ತಂದಿಟ್ಟರು.

ಅದೇ ಪುಟ, ಕೆಳಗೆ

ಕಪ್ಪು ನಾಯಿ ತೆಗೆಯುವುದು ಸುಲಭವಲ್ಲ. ಕ್ಯಾಮೆರಾದ ಮೀಟರಿಗೆ ಪ್ರಪಂಚವೆಲ್ಲ ಬೂದು ಬಣ್ಣವೇ. ಕರಿಯನನ್ನೂ ಬೂದು ಮಾಡಲು ಹೊರಡುತ್ತದೆ. ಮುಕ್ಕಾಲು ಸ್ಟಾಪಿನಷ್ಟಾದರೂ ಬೆಳಕು ಇಳಿಸಬೇಕು. ಫ್ಲ್ಯಾಷ್ ಬೇಡವೇ ಬೇಡ: ನಾಯಿಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ವಾಪಸು ಎಸೆಯುವ ಒಂದು ಪದರ ಇದೆ, ಕಣ್ಣು ಹಸಿರು ದೀಪವಾಗಿಬಿಡುತ್ತದೆ. ನೆಲಕ್ಕೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಬರಬೇಕು. ಬಂದ ಮೇಲೂ ಲೆನ್ಸನ್ನು ನೇರ ಮುಖಕ್ಕೆ ಹಿಡಿದರೆ ಕೆಲಸ ಕೆಡುತ್ತದೆ. ನಾಯಿಯ ಲೋಕದಲ್ಲಿ ದುರುಗುಟ್ಟಿ ನೋಡುವುದೆಂದರೆ ಜಗಳಕ್ಕೆ ಕರೆದ ಹಾಗೆ, ಲೆನ್ಸಂತೂ ರೆಪ್ಪೆ ಬಡಿಯದ ದೊಡ್ಡ ಕಣ್ಣು. ಆಗ ಅದು ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಮುಖ ತಿರುಗಿಸುತ್ತದೆ. ನೋಡಿದವರು “ಬೇಜಾರು ಬಂತು ಅದಕ್ಕೆ” ಅನ್ನುತ್ತಾರೆ. ಬೇಜಾರಲ್ಲ, ಮುಜುಗರ.

ಬಿಸ್ಕತ್ತು ಪೊಟ್ಟಣದ ಸದ್ದಿನ ಬಗ್ಗೆ: ಮೊದಲ ಸಲ ಪರಪರ ಅಂದಾಗ ಕಿವಿ ಎದ್ದು ತಲೆ ಓರೆಯಾಗುತ್ತದೆ. ಎರಡನೇ ಸಲಕ್ಕೆ ನಾಯಿ ಎದ್ದು ಪೊಟ್ಟಣದ ಹತ್ತಿರ ಬಂದಿರುತ್ತದೆ. ಮೂರನೆಯದು ಇಲ್ಲ.

ಹಾಗಾದರೆ ಕರಿಯ ಅಮ್ಮನವರನ್ನು ನೋಡಿದ್ದು ಅನ್ನಕ್ಕೋ? ನಾನೂ ಹಾಗೇ ಅಂದುಕೊಂಡಿದ್ದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2017ರಲ್ಲಿ 24 ನಾಯಿಗಳನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದ್ದಾರೆ. ಎದುರಿಗಿರುವ ಮನುಷ್ಯ ತನ್ನತ್ತ ಮುಖ ಮಾಡಿದಾಗ ನಾಯಿಯ ಮುಖಭಾವ ಹೆಚ್ಚುತ್ತದೆ, ಬೆನ್ನು ಹಾಕಿದಾಗ ಕಡಿಮೆಯಾಗುತ್ತದೆ. ತಿಂಡಿ ತೋರಿಸಿದರೂ ತೋರಿಸದಿದ್ದರೂ ಅದರಲ್ಲಿ ವ್ಯತ್ಯಾಸವಿಲ್ಲ. ಹುಬ್ಬಿನ ಒಳತುದಿ ಎತ್ತುವ ಸ್ನಾಯು ನಾಯಿಗೆ ಬಲವಾಗಿ ಬೆಳೆದಿದೆ, ತೋಳಕ್ಕೆ ಹೆಸರಿಗಷ್ಟೇ ಇದೆ ಅಂತ 2019ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಅಂದರೆ ನಮ್ಮ ಜೊತೆ ಇದ್ದು ಇದ್ದು ನಾಯಿಗೆ ಮುಖ ಬಂದಿದೆ. ನೋಡುವವರು ಇದ್ದಾಗಲೇ ಅದು ಹೆಚ್ಚಾಗಿ ಆ ಮುಖ ತೆಗೆಯುತ್ತದೆ. ಬರೀ ಲೆನ್ಸಿಗೆ ಯಾಕೆ ತೆಗೆಯಬೇಕು?

ಸ್ಟುಡಿಯೊ, ಮಳೆ

ಇವತ್ತು ಬಂದವರು ಮೊಬೈಲಿನಲ್ಲಿ ಒಂದು ಗೃಹಪ್ರವೇಶದ ಫೋಟೊ ತೋರಿಸಿದರು. ಎಲ್ಲರೂ ಸಾಲಾಗಿ ನಿಂತಿದ್ದಾರೆ, ಎಡಗಡೆ ಮೂಲೆಯಲ್ಲಿ, ಚಪ್ಪಲಿಗಳ ಹತ್ತಿರ, ಅರ್ಧ ನಾಯಿ. “ಇದನ್ನ ಮಾತ್ರ ದೊಡ್ಡದು ಮಾಡಿ ಕೊಡಿ.” ಚಿರತೆ ಹೊತ್ತುಕೊಂಡು ಹೋಗಿದೆ. ನಮ್ಮ ಕಡೆ ಇದು ಹೊಸದಲ್ಲ. ಕಾಡಂಚಿನ ಮನೆಗಳಲ್ಲಿ ಎಷ್ಟೋ ನಾಯಿಗಳ ಕಥೆ ಮುಗಿಯುವುದು ಹೀಗೆಯೇ. ದೊಡ್ಡದು ಮಾಡಿದರೆ ಚುಕ್ಕಿ ಒಡೆಯುತ್ತದೆ, ಮೂಗು ಯಾವುದು ಚಪ್ಪಲಿ ಯಾವುದು ತಿಳಿಯುವುದಿಲ್ಲ. ಮಾಡಿಕೊಟ್ಟೆ. ಎಂಟು ವರ್ಷ ಮನೆ ಕಾದದ್ದಕ್ಕೆ ಅದರದ್ದೇ ಅಂತ ಒಂದು ಫೋಟೊ ಇರಲಿಲ್ಲ.

ಫೋಟೊ ಇಲ್ಲದೆಯೂ ಮುಖ ಉಳಿಸಿಕೊಂಡ ನಾಯಿಯೂ ಇದೆ. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕಿನದೇ. ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಅದರಲ್ಲಿ ಬರುವ ಗುತ್ತಿಗಿಂತ ಮೊದಲು ನೆನಪಾಗುವುದು ಅವನ ನಾಯಿ ಹುಲಿಯ. ನಾಯಿಯ ದೆಸೆಯಿಂದಲೇ ಅವನು ನಾಯಿಗುತ್ತಿ ಆದ. ತಾನು ಮೆಚ್ಚಿದ ತಿಮ್ಮಿಯನ್ನು ಕತ್ತಲಲ್ಲಿ ಕಾಡು ಹಾಯಿಸಿಕೊಂಡು ಹೋದಾಗಲೂ ಹುಲಿಯ ಜೊತೆಗಿತ್ತು. ಪ್ರೀ-ವೆಡ್ಡಿಂಗ್ ಅಂದರೆ ಅದು! ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಗುತ್ತಿಯ ಮುಖ ಹೇಗಿತ್ತೋ ನನಗೆ ಕಣ್ಣಿಗೆ ಕಟ್ಟುವುದಿಲ್ಲ. ಹುಲಿಯನದು ಕಟ್ಟುತ್ತದೆ.

ಇನ್ನೂ ಹಳೆಯದು ಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲು ಅಲ್ಲಿದೆ, ಕ್ರಿ.ಶ. 949-50ರದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ “ಏನು ಬೇಕು ಕೇಳು” ಅಂದಾಗ ಅವನು ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲಿನ ಮೇಲೆ ಕೆತ್ತಿರುವುದು ನಾಯಿ ಮತ್ತು ಹಂದಿ. ಮಣಲೇರ ಚಿತ್ರದಲ್ಲಿಲ್ಲ, ಅಕ್ಷರದಲ್ಲಿದ್ದಾನೆ. ಚೌಕಟ್ಟಿನ ಹೊರಗೆ ನಿಂತವರ ಹೆಸರು ಬರೆದಿಟ್ಟ ಇಂಥ ನಾಯಿ ಚಿತ್ರ ನಾನು ಬೇರೆ ಕಂಡಿಲ್ಲ.

ಸ್ಟುಡಿಯೊ, ಕೈಗೂಸು

ಪಾಸ್‌ಪೋರ್ಟಿಗೆ ಮೂರು ತಿಂಗಳ ಮಗು. ಬೆನ್ನ ಹಿಂದೆ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಬೇರೆಯವರ ಕೈ ಕಾಣಬಾರದು. ಕತ್ತು ನಿಲ್ಲದ ಕೂಸಿಗೆ ಈ ಕಾನೂನು! ನೆಲಕ್ಕೆ ಬಿಳಿ ಬಟ್ಟೆ ಹಾಸಿ ಮಲಗಿಸಿ, ನಾನು ಸ್ಟೂಲು ಹತ್ತಿ ಮೇಲಿಂದ ತೆಗೆಯುವುದು. ತಾಯಿ ನನ್ನ ಮೊಣಕಾಲ ಹತ್ತಿರ ಕೂತು ಗಿಲಕಿ ಆಡಿಸುತ್ತಾಳೆ. ಫೋಟೊದಲ್ಲಿ ಅವಳ ಒಂದು ಬಳೆಯೂ ಇರಬಾರದು, ಅವಳಿಲ್ಲದೆ ಫೋಟೊ ಬರುವುದೂ ಇಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ವಿಲಾಯಿತಿಯವರಿಗೂ ಇದೇ ಕಷ್ಟವಿತ್ತು. ಒಂದು ಫೋಟೊಕ್ಕೆ ಹಲವು ಸೆಕೆಂಡು ಅಲುಗಾಡದೆ ಕೂರಬೇಕು, ಮಗು ಕೂರುತ್ತದೆಯೇ? ತಾಯಿಯ ತಲೆಯಿಂದ ಕಾಲವರೆಗೆ ಪರದೆಯ ಬಟ್ಟೆ ಹೊದೆಸಿ ಕುರ್ಚಿಯ ಹಾಗೆ ಕೂರಿಸಿ, ಅವಳ ತೊಡೆಯ ಮೇಲೆ ಮಗುವನ್ನಿಟ್ಟು ತೆಗೆಯುತ್ತಿದ್ದರು. ಅಂಥ ಫೋಟೊಗಳು ಈಗಲೂ ಸಿಗುತ್ತವೆ. ಮುದ್ದಾದ ಮಗು, ಹಿಂದೆ ಬಟ್ಟೆ ಹೊದ್ದ ಒಂದು ಗುಡ್ಡೆ.

ದೃಷ್ಟಿಬೊಟ್ಟಿನ ತಕರಾರು. ತಾಯಿ: “ಕೆನ್ನೆ ಮೇಲಿನ ಕಪ್ಪು ಎಡಿಟಿಂಗ್‌ನಲ್ಲಿ ತೆಗೆದುಬಿಡಿ ಅಣ್ಣಾ.” ತೆಗೆದೆ. ಮಾರನೇ ದಿನ ಅಜ್ಜಿ ಬಂದರು: “ಫೋಟೊಕ್ಕೇ ಅಲ್ವನೋ ದೃಷ್ಟಿ ಆಗೋದು? ಊರೆಲ್ಲ ನೋಡೋದು ಅದನ್ನೇ. ವಾಪಸು ಹಾಕು.” ಅಜ್ಜಿಯ ವಾದದಲ್ಲಿ ನನಗೆ ತಪ್ಪು ಹುಡುಕಲು ಆಗಲಿಲ್ಲ. ಎರಡು ಪ್ರಿಂಟ್ ಹಾಕಿದೆ, ಬೊಟ್ಟಿನದು ಅಜ್ಜಿಯ ಮನೆಗೆ, ಬೊಟ್ಟಿಲ್ಲದ್ದು ವಾಟ್ಸ್ಆ್ಯಪ್‌ಗೆ.

ಒಂದೂವರೆ ಎರಡು ವರ್ಷದವರೆಗೆ ಕನ್ನಡಿಯಲ್ಲಿರುವುದು ತಾನೇ ಅಂತ ಮಗುವಿಗೆ ಗೊತ್ತಾಗುವುದಿಲ್ಲವಂತೆ. ನಾಯಿಗೆ ಯಾವತ್ತೂ ಗೊತ್ತಾಗುವ ಹಾಗಿಲ್ಲ. ಸ್ಟುಡಿಯೊದ ಕನ್ನಡಿಯ ಮುಂದೆ ನಿಲ್ಲಿಸಿದರೆ ಯಾವ ಮಗು ಯಾವ ಕಡೆಯದು ಅಂತ ತಿಳಿದುಹೋಗುತ್ತದೆ. ಹಿಂದೆ ಏನಿದೆ ಅಂತ ಬಗ್ಗಿ ನೋಡುವ ಮಗುವಿನ ಫೋಟೊ ಚೆನ್ನಾಗಿ ಬರುತ್ತದೆ. ಕೂದಲು ಸರಿಮಾಡಿಕೊಂಡಿತೋ, ಇನ್ನು ಕಷ್ಟ.

ಶೃಂಗೇರಿ, ಸ್ನಾನಘಟ್ಟ

ಅಕ್ಷರಾಭ್ಯಾಸ ಮುಗಿಸಿ ಬರುವ ಮಕ್ಕಳು. ಒಳಗೆ ಅಕ್ಕಿಯ ಮೇಲೆ ಅಪ್ಪ ಬೆರಳು ಹಿಡಿದು ಬರೆಸಿದ್ದಾನೆ. ಗುಡಿಯೊಳಗೆ ಕ್ಯಾಮೆರಾ ಇಲ್ಲ, ಹಾಗಾಗಿ ಹೊರಗೆ ಬಂದು ಸ್ಲೇಟು ಹಿಡಿಸಿ ಮತ್ತೊಮ್ಮೆ ನಾಟಕ. “ಪುಟ್ಟಾ, ಅಂಕಲ್ ನೋಡು. ಪುಟ್ಟಾ, ನಗು. ಪುಟ್ಟಾ, ಕಾಗೆ ನೋಡು ಕಾಗೆ.” ಅಪ್ಪ, ಅಮ್ಮ, ಸೋದರಮಾವ, ಅತ್ತೆ ನಾಲ್ವರೂ ನಾಲ್ಕು ಕಡೆಯಿಂದ ಕರೆಯುತ್ತಾರೆ, ಮಗು ನಾಲ್ಕೂ ಕಡೆ ನೋಡಿ ಅಳುತ್ತದೆ. ಒಬ್ಬರು ಮಾತ್ರ ಕರೆಯಿರಿ ಅಂತ ನಾನು ಹೇಳಿದರೆ ಯಾರು ಆ ಒಬ್ಬರು ಅನ್ನುವುದಕ್ಕೆ ಅಲ್ಲೇ ಸಣ್ಣ ಚರ್ಚೆ.

ಅದೇ ಮಗುವನ್ನು ನಾಲ್ಕು ಮೆಟ್ಟಿಲು ಕೆಳಗೆ ಕರೆದೊಯ್ದು ಕೈಗೆ ಮಂಡಕ್ಕಿ ಕೊಡಬೇಕು. ತುಂಗೆಯ ಆ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಕೈಯಳತೆಯ ದೂರದಲ್ಲಿ ಒಂದರ ಮೇಲೊಂದು ಬಾಯಿ ತೆರೆದು ಮೇಲೆ ಬರುತ್ತವೆ. ಮಗು ಉಸಿರು ಬಿಗಿಹಿಡಿದು ಬಗ್ಗುತ್ತದೆ, ಕೆಳತುಟಿ ಮುಂದೆ ಬರುತ್ತದೆ, ಮಂಡಕ್ಕಿಯ ಮುಷ್ಟಿ ಬಿಡಿಸುವುದನ್ನೇ ಮರೆಯುತ್ತದೆ. ನನ್ನ ಲೆಕ್ಕ ಇಲ್ಲಿ ತಪ್ಪುವುದಿಲ್ಲ, ಹೊರಗೆ ನಿಂತವರು ಈ ಸಲ ಮೀನು ಅಷ್ಟೇ. ಆದರೆ ಮನೆಯವರಿಗೆ ಈ ಫೋಟೊ ಹಿಡಿಸುವುದಿಲ್ಲ. “ಮುಖ ಕೆಳಗೆ ಮಾಡಿದೆಯಲ್ಲ, ಕ್ಯಾಮೆರಾ ನೋಡಿಲ್ಲ” ಅನ್ನುತ್ತಾರೆ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಮಕ್ಕಳ ಚಿತ್ರಗಳನ್ನು ಹುಡುಕಿ ನೋಡಿ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ಅವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಸತ್ಯನ್ನರ ಚಿತ್ರಗಳ ಮಕ್ಕಳಲ್ಲಿ ತಮ್ಮ ಕೆಲಸದಲ್ಲಿ ಮುಳುಗಿದವೇ ನನಗೆ ಹೆಚ್ಚು ಇಷ್ಟ. ಕ್ಯಾಮೆರಾ ನೋಡಿಲ್ಲ ಅಂತ ಯಾರೂ ಅವನ್ನು ವಾಪಸು ಕಳಿಸಿದಂತಿಲ್ಲ.

ಕಿಗ್ಗದ ಆಚೆ, ಸಿರಿಮನೆ

ಮಳೆ ಬಿಟ್ಟ ಮೇಲಿನ ವಾರಗಳಲ್ಲಿ ಸಿರಿಮನೆ ಜಲಪಾತದ ಹತ್ತಿರ ನೀರಿಗಿಂತ ಜೋಡಿಗಳೇ ಜಾಸ್ತಿ. ನೆಲ ಗುಡಿಸುವ ಬಾಲದ ಗೌನು, ಬಣ್ಣದ ಹೊಗೆ, ಮೇಲೊಂದು ಡ್ರೋನ್. ಪ್ಯಾಕೇಜಿನಲ್ಲಿ ‘ಟ್ರೆಡಿಷನಲ್’ ಬೇರೆ, ‘ಕ್ಯಾಂಡಿಡ್’ ಬೇರೆ, ಕ್ಯಾಂಡಿಡ್‌ಗೆ ರೇಟು ಹೆಚ್ಚು. “ಕ್ಯಾಂಡಿಡ್ ಆಗಿ ನಗಿ, ಇನ್ನೊಂದ್ಸಲ” ಅಂತ ಕೂಗುವವರಲ್ಲಿ ನಾನೂ ಒಬ್ಬ, ಹೊಟ್ಟೆಪಾಡು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಮನೆತನಗಳ ಮದುವೆಯಲ್ಲಿ ವಧುವಿಗೆ ಮಂತ್ರಕೋಡಿ ಸೀರೆ ಹೊದಿಸುವ ಗಳಿಗೆ ಇದೆ, ನಮ್ಮಲ್ಲಿ ಧಾರೆ ಇದೆ. ಮದುವೆಗಳು ಒಂದರಂತೆ ಒಂದಿಲ್ಲ, ಪ್ರೀ-ವೆಡ್ಡಿಂಗ್ ಮಾತ್ರ ಎಲ್ಲರದೂ ಒಂದೇ.

ಜೋಡಿ ಯಾರನ್ನು ನೋಡುತ್ತದೆ? ಒಬ್ಬರನ್ನೊಬ್ಬರು ನೋಡಿ ಅಂದರೂ ಅವರ ಕಣ್ಣು ಇನ್ನೆಲ್ಲೋ ಇರುತ್ತದೆ. ಸ್ಟೇಟಸ್ ನೋಡುವ ಮುನ್ನೂರು ಜನ ಅಲ್ಲಿ ಬಂಡೆಗಳ ಮೇಲೆ ಕೂತಿರುತ್ತಾರೆ, ನನಗೆ ಕಾಣುವುದಿಲ್ಲ ಅಷ್ಟೇ. ಇದೇನೂ ಈ ಕಾಲದ ರೋಗವಲ್ಲ. ಪ್ಯಾರಿಸ್ಸಿನ ಬೀದಿಯಲ್ಲಿ ಮುತ್ತಿಡುವ ಜೋಡಿಯ ರಾಬರ್ಟ್ ದುವಾನೊ ಅವರ ಜಗತ್ಪ್ರಸಿದ್ಧ ಫೋಟೊ 1950ರದು, ‘ಲೈಫ್’ ಪತ್ರಿಕೆಗಾಗಿ ತೆಗೆದದ್ದು. ದಾರಿಹೋಕ ಪ್ರೇಮಿಗಳು ಅಂತ ಲೋಕ ನಂಬಿತ್ತು. ಆ ಇಬ್ಬರನ್ನು ಹೇಳಿ ನಿಲ್ಲಿಸಿದ್ದು ಅಂತ ದಶಕಗಳ ಮೇಲೆ ಕೋರ್ಟಿನ ವ್ಯಾಜ್ಯದಲ್ಲಿ ಹೊರಬಿತ್ತು.

ಸಿರಿಮನೆಗೆ ಬಂದ ಒಂದು ಜೋಡಿ: ಹುಡುಗ ನಮ್ಮ ಕಡೆಯವನು, ಹುಡುಗಿ ಬಯಲುಸೀಮೆಯವಳು. ಗೌನಿನೊಳಗೆ ಇಂಬಳ ಹತ್ತಿದ್ದು ಅವಳಿಗೆ ಗೊತ್ತೇ ಇಲ್ಲ. ಹಿಮ್ಮಡಿಯ ಮೇಲೆ ರಕ್ತ ಕಂಡು ಕಿರುಚಿದಳು. ಅವನು ಕೋಟು ಸಮೇತ ಕೆಸರಿಗೆ ಮೊಣಕಾಲೂರಿ, “ಎಂತ ಆಗಲ್ಲ, ಅಲ್ಲಾಡಬೇಡ” ಅನ್ನುತ್ತ, ಡ್ರೈವರನ ಸುಣ್ಣದ ಡಬ್ಬಿಯಿಂದ ಒಂದು ಚೂರು ತಾಗಿಸಿ ಬಿಡಿಸಿದ. ಅವಳು ಅವನ ತಲೆಗೂದಲು ಹಿಡಿದು ಆಸರೆ ಮಾಡಿಕೊಂಡಿದ್ದಳು. ಇಬ್ಬರೂ ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ತೆಗೆದೆ. ಸಂಜೆ ಆಯ್ಕೆಗೆ ಕೂತಾಗ ಇಬ್ಬರೂ ಒಟ್ಟಿಗೆ ಅಂದರು: “ಇದು ಬೇಡ, ಡಿಲೀಟ್ ಮಾಡಿ.” ಯಾಕೆ ಅಂದೆ. “ಇದ್ರಲ್ಲಿ ನಾನು ನಮ್ಮಮ್ಮನ ಥರ ಕಾಣ್ತಿದೀನಿ” ಅಂದಳು ಅವಳು.

ಬಾಳೆಹೊನ್ನೂರು ರಸ್ತೆ, ಭೀಮರಥ ಶಾಂತಿ

ಎಪ್ಪತ್ತರ ಅಜ್ಜಯ್ಯ, ಅವರ ಪಕ್ಕ ಅಮ್ಮ. ಇಬ್ಬರ ನಡುವೆ ಒಂದು ಗೇಣು ಜಾಗ.

“ಸ್ವಲ್ಪ ಹತ್ತಿರ ನಿಂತ್ಕೊಳ್ಳಿ ಅಜ್ಜಯ್ಯ.”

“ಎಷ್ಟು ಹತ್ತಿರ ಮಾರಾಯ? ನಲವತ್ತೈದು ವರ್ಷದಿಂದ ಇಷ್ಟೇ ಹತ್ತಿರ.”

ನಗಿ ಅಂದರೆ ನಗಲಿಲ್ಲ. ಅಮ್ಮನ ಕಣ್ಣು ಊಟದ ಪಂಕ್ತಿಯ ಕಡೆ, ಎಲೆ ಸಾಲುತ್ತದೋ ಇಲ್ಲವೋ ಅಂತ. ಅಷ್ಟರಲ್ಲಿ ಅಮೆರಿಕದಿಂದ ಮೊಮ್ಮಗಳ ವಿಡಿಯೊ ಕಾಲ್ ಬಂತು, ಅಲ್ಲಿ ನಡುರಾತ್ರಿ. ಮಗನ ಕೈಯಿಂದ ಮೊಬೈಲ್ ಇಸಿದುಕೊಂಡು ನನ್ನ ಲೆನ್ಸಿನ ಕೆಳಗೇ ಹಿಡಿಸಿದೆ. ಮೊಬೈಲಿನ ಚೌಕ ಸಣ್ಣದು. ಇಬ್ಬರೂ ಅದರೊಳಗೆ ಕಾಣಬೇಕಲ್ಲ, ಯಾರೂ ಹೇಳದೆ ತಲೆಗೆ ತಲೆ ತಾಗಿಸಿಕೊಂಡರು. ಆ ಒಂದು ಗೇಣು ಎಲ್ಲಿ ಹೋಯಿತೋ! ಅಜ್ಜಯ್ಯನಿಗೆ ಮುಂದಿನ ಎರಡು ಹಲ್ಲಿಲ್ಲ ಅಂತ ಆಗಲೇ ನನಗೆ ಗೊತ್ತಾದದ್ದು.

ಈ ಜೋಡಿ ಫೋಟೊಗಳ ಮುಂದಿನ ಗತಿ ಸ್ಟುಡಿಯೊದವರಿಗೆ ಗೊತ್ತು. ಒಂದು ದಿನ ಮಗ ಒಬ್ಬನೇ ಬರುತ್ತಾನೆ, ಶೇವ್ ಮಾಡಿರುವುದಿಲ್ಲ. “ಇದ್ರಲ್ಲಿ ಅಪ್ಪಯ್ಯನ್ನ ಮಾತ್ರ ಬೇರೆ ಮಾಡಿ ಕೊಡಿ. ನಾಳೆಗೆ ಬೇಕು.” ಎಷ್ಟು ಜಾಗ್ರತೆಯಿಂದ ಕತ್ತರಿಸಿದರೂ ಅಮ್ಮನ ಸೀರೆಯ ಅಂಚು ಒಂದಿಷ್ಟು ಅವರ ಭುಜದ ಮೇಲೆ ಉಳಿಯುತ್ತದೆ. ಅದನ್ನು ಕೋಟಿನ ಬಣ್ಣದಿಂದ ಮುಚ್ಚುತ್ತೇವೆ. ಹಾರ ಹಾಕಿದ ಫೋಟೊಗಳನ್ನು ಗೋಡೆಯ ಮೇಲೆ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಭುಜಕ್ಕೆ.

ಆದ್ದರಿಂದ ಇಷ್ಟು ಕೇಳಿಕೊಳ್ಳುತ್ತೇನೆ. ದೀಪಾವಳಿಗೆ ಊರಿಗೆ ಬಂದಾಗ ಅಪ್ಪ ಅಮ್ಮನ ಜೋಡಿ ಫೋಟೊ ತೆಗೆಸುತ್ತೀರಲ್ಲ, ಅದರ ಜೊತೆಗೆ ಒಬ್ಬೊಬ್ಬರದೂ ಒಂದೊಂದು ಬೇರೆ ತೆಗೆಸಿ, ಅಂಗಳದಲ್ಲಿರುವ ನಾಯಿಯದೂ ಒಂದು. ಪ್ರಿಂಟ್ ಹಾಕಿಸಿ, ಮೊಬೈಲಿನಲ್ಲಿ ಬಿಡಬೇಡಿ. ತೆಗೆಯುವಾಗ ನೀವು ಮೊಬೈಲ್ ಹಿಡಿದು ದೂರ ನಿಲ್ಲದೆ ನನ್ನ ಪಕ್ಕಕ್ಕೇ ಬಂದು ನಿಲ್ಲಿ. ಅವರು ನಿಮ್ಮನ್ನು ನೋಡಲಿ.